ಪಂದ್ಯದ ಟಿಕೆಟ್‌ನಲ್ಲೇ ರೈಲಿನ ಟಿಕೆಟ್ ಇರಲಿ

ಫುಟ್‌ಬಾಲ್ ಪಂದ್ಯಕ್ಕೆ ಟಿಕೆಟ್ ಕೊಂಡವರಿಗೆ ಹೋಗಿ ಬರುವ ಬಸ್ಸು, ರೈಲಿನ ಖರ್ಚೂ ಅದರಲ್ಲೇ ಸೇರಿರಬೇಕು. ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿರುವ ಮಾತಿದು.

ಇಲ್ಲಿನ ತಂಡ ವಿಎಫ್‌ಬಿ. ಕ್ರೀಡಾಂಗಣದಲ್ಲಿ ಸುಮಾರು 60 ಸಾವಿರ ಜನ ಹಿಡಿಸುತ್ತಾರೆ. ಪಂದ್ಯದ ಟಿಕೆಟ್ ಕೈಯಲ್ಲಿದ್ದರೆ ಆಯಿತು, ಆ ದಿನ ಹೋಗಿ ಬರಲು ಅದೇ ಸಾಕು. ಸುತ್ತಲಿನ ಊರುಗಳಿಂದ ಬರುವವರಿಗೂ ಅಷ್ಟೇ. ಮುಖ್ಯ ನಿಲ್ದಾಣದಲ್ಲಿ ಎಸ್1 ಅನ್ನುವ ಲೋಕಲ್ ರೈಲು ಹತ್ತಿದರೆ ಬಾಡ್ ಕಾನ್‌ಷ್ಟಾಟ್ ಆದ ಮೇಲೆ ಮುಂದಿನದೇ ನೆಕರ್‌ಪಾರ್ಕ್. ಅಲ್ಲಿಂದ ನಡಿಗೆ. ಇದು ಸಾಲದು ಅಂತ ಪಂದ್ಯ, ಜಾತ್ರೆ ಇರುವ ದಿನಗಳಿಗೆಂದೇ ಯು11 ಅನ್ನುವ ಟ್ರಾಮನ್ನೂ ಬಿಡುತ್ತಾರೆ.

ಅಪ್ಪ ಬಂದಿದ್ದಾಗ ಅವರನ್ನೂ ಕರೆದುಕೊಂಡು ಹೋಗಿದ್ದೆ. ಟಿಕೆಟ್ ಮಷೀನ್ ದಾಟಿ ನಾನು ಸುಮ್ನೆ ಮುಂದೆ ನಡೆದಾಗ ಅವರು ಅಲ್ಲೇ ನಿಂತುಬಿಟ್ಟರು. "ಟಿಕೆಟ್ ತಗೊಳ್ಳೋದು ಬೇಡ್ವೇನೋ?" ಪಂದ್ಯದ ಟಿಕೆಟ್ ತೋರಿಸಿ ಹೇಳಿದೆ. ರೈಲು ಹತ್ತಿದ ಮೇಲೂ ಅವರಿಗೆ ಧೈರ್ಯ ಬರಲಿಲ್ಲ. ಸುತ್ತ ಬಿಳಿ ಕೆಂಪು ಶಾಲು ಹೊದ್ದವರು ಹಾಡುತ್ತಿದ್ದರು. ಮೊಮ್ಮಗನ ಕೈ ಹಿಡಿದು ನಿಂತಿದ್ದ ಒಬ್ಬ ಅಜ್ಜ ಅಪ್ಪನಿಗೆ ಸೀಟಿನಲ್ಲಿ ಜಾಗ ತೋರಿಸಿದ. ಆಟ ನೋಡುವ ಖುಷಿ ರೈಲಿನಲ್ಲೇ ಶುರುವಾಗುತ್ತದೆ. ಕಾರಿನಲ್ಲಿ ಹೋದರೆ ಇದೆಲ್ಲಿ ಸಿಗಬೇಕು?

ಈ ರೈಲು ಪ್ರಯಾಣದ ದುಡ್ಡು ಎಲ್ಲರ ಪಂದ್ಯದ ಟಿಕೆಟ್‌ನಲ್ಲೂ ಸೇರಿರುತ್ತದೆ. ಕಾರಲ್ಲಿ ಬರುವವನೂ ಕೊಟ್ಟಿರುತ್ತಾನೆ. ಅನ್ಯಾಯ ಅಂತ ಕೆಲವರು ಅನ್ನಬಹುದು. ನನಗೆ ಹಾಗನ್ನಿಸಲ್ಲ. ರಸ್ತೆಯಲ್ಲಿ ಗಾಡಿ ಕಡಿಮೆಯಾದರೆ ಅವನಿಗೂ ಅನುಕೂಲ ಅಲ್ವಾ?

ಬೆಂಗಳೂರಿನ ಕಂಠೀರವ ಕ್ರೀಡಾಂಗಣ ಊರ ನಡುವೆಯೇ ಇದೆ. ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣದಿಂದ ನಡೆದು ಹೋಗಬಹುದು. ರಜೆಗೆ ಹೋದಾಗ ಅಲ್ಲಿ ಬೆಂಗಳೂರು ಎಫ್‌ಸಿ ಆಟ ನೋಡಿದೆ. ಗೆಳೆಯನೊಬ್ಬ ಕಾರು ನಿಲ್ಲಿಸಲು ಜಾಗ ಸಿಗದೆ ಅಲೆದು, ಅರ್ಧ ಆಟ ಮುಗಿಯುವ ಹೊತ್ತಿಗೆ ಒಳಗೆ ಬಂದ. ಮೆಟ್ರೊದಲ್ಲಿ ಬರಬಾರದಿತ್ತಾ ಅಂದೆ. "ನಾಲ್ಕು ಜನಕ್ಕೆ ಹೋಗಿ ಬರೋ ಟಿಕೆಟ್ ಲೆಕ್ಕ ಹಾಕಿದ್ರೆ ಕಾರೇ ವಾಸಿ ಕಣೋ" ಅಂದ. ಅವನ ಲೆಕ್ಕ ಸರಿಯಾಗೇ ಇದೆ. ಮೆಟ್ರೊ ದುಡ್ಡು ಪಂದ್ಯದ ಟಿಕೆಟ್‌ನಲ್ಲೇ ಕೊಟ್ಟಾಗಿದ್ದರೆ ಅವನೂ ಕಾರು ಮನೆಯಲ್ಲೇ ಬಿಡುತ್ತಿದ್ದ.

"ಅದೆಲ್ಲ ಜರ್ಮನಿಯಲ್ಲಿ ನಡೆಯುತ್ತೆ, ನಮ್ಮಲ್ಲಿ ಆಗಲ್ಲ" ಅನ್ನುವ ಮಾತನ್ನು ನಾನು ಒಪ್ಪಲ್ಲ. ಪಕ್ಕದ ಚೆನ್ನೈಯಲ್ಲೇ ಐಪಿಎಲ್ ಪಂದ್ಯದ ಟಿಕೆಟ್ ತೋರಿಸಿದವರನ್ನು ಮೆಟ್ರೊದಲ್ಲಿ ಉಚಿತವಾಗಿ ಕರೆದೊಯ್ದಿದ್ದಾರೆ. ಬೆಂಗಳೂರಿನಲ್ಲಿ ಇದನ್ನು ಫುಟ್‌ಬಾಲ್‌ನಿಂದ ಶುರು ಮಾಡುವುದು ಒಳ್ಳೆಯದು. ಕ್ರಿಕೆಟ್‌ನಷ್ಟು ನೂಕುನುಗ್ಗಲು ಇರಲ್ಲ. ಎಲ್ಲಿ ಸಾಲು ಬೆಳೆಯುತ್ತದೆ, ಯಾವ ಗೇಟಿಗೆ ಜನ ಜಾಸ್ತಿ ಬರುತ್ತಾರೆ ಅಂತ ನಿಧಾನವಾಗಿ ನೋಡಿ ತಿದ್ದಿಕೊಳ್ಳಬಹುದು. ಸಂಜೆ 7.30ಕ್ಕೆ ಶುರುವಾದ ಪಂದ್ಯ 9.30ರ ಹೊತ್ತಿಗೆಲ್ಲ ಮುಗಿಯುತ್ತದೆ. ಆಗ ಮೆಟ್ರೊ ಇನ್ನೂ ಓಡುತ್ತಿರುತ್ತದೆ.