ಒಂದೇ ಹೆಸರಿನಡಿ ನಾಲ್ವರು ನೇಮಿಚಂದ್ರರು

ಇಂದು ಬೆಳಿಗ್ಗೆ ಅಕ್ಕನ ಮೊಮ್ಮಗಳನ್ನು ಕರೆದುಕೊಂಡು ಹಾಸನದ ಒಂದು ಗ್ರಂಥಾಲಯಕ್ಕೆ ಹೋಗಿದ್ದೆ. ಯಾವ ಗ್ರಂಥಾಲಯವೆಂದು ದಯವಿಟ್ಟು ಕೇಳಬೇಡಿ. ಅಲ್ಲಿನ ಸಿಬ್ಬಂದಿ ಸಜ್ಜನರು, ಮೇಲಾಗಿ ನಾನು ಹಿಂದಿರುಗಿಸಬೇಕಾದ ಎರಡು ಪುಸ್ತಕಗಳ ಗಡುವು ಮುಗಿದು ತಿಂಗಳಾಗಿದೆ. ಕನ್ನಡ ಎಂ.ಎ. ಓದುತ್ತಿರುವ ಹುಡುಗಿಗೆ ನೇಮಿಚಂದ್ರನ ‘ಲೀಲಾವತೀ ಪ್ರಬಂಧ’ ಬೇಕಾಗಿತ್ತು. ಹಿಂದೆ ಕಾರ್ಡುಗಳ ಮರದ ಡ್ರಾಯರುಗಳಿದ್ದ ಮೂಲೆಯಲ್ಲಿ ಈಗ ಕಂಪ್ಯೂಟರ್ ಕುಳಿತಿದೆ. ಅವಳು ಲೇಖಕರ ಜಾಗದಲ್ಲಿ ‘ನೇಮಿಚಂದ್ರ’ ಎಂದು ಟೈಪ್ ಮಾಡಿದಳು. ಪರದೆಯ ಮೇಲೆ ಒಬ್ಬರೇ ನೇಮಿಚಂದ್ರರ ಹದಿನಾಲ್ಕು ಪುಸ್ತಕಗಳು ಸಾಲಾಗಿ ಬಂದವು: ಲೀಲಾವತೀ ಪ್ರಬಂಧ, ಯಾದ್ ವಶೇಮ್, ಗೊಮ್ಮಟಸಾರ, ಪೆರುವಿನ ಪವಿತ್ರ ಕಣಿವೆಯಲ್ಲಿ, ದ್ರವ್ಯಸಂಗ್ರಹ, ಹೀಗೆ.

ಅವಳು ನನ್ನ ಕಡೆ ತಿರುಗಿ, “ತಾತ, ಈ ಕವಿ ಪೆರುವಿಗೆ ಯಾವಾಗ ಹೋಗಿದ್ದರು?” ಎಂದಳು. ತಮಾಷೆಗೆ ಕೇಳಿದಳೋ ನಿಜವಾಗಿಯೇ ಕೇಳಿದಳೋ ನನಗೆ ಈಗಲೂ ತಿಳಿದಿಲ್ಲ, ಆದರೆ ಅಲ್ಲಿಂದ ಏರಿದ ನನ್ನ ಸಿಟ್ಟು ಮಧ್ಯಾಹ್ನದ ಊಟವಾದರೂ ಇಳಿದಿಲ್ಲ.

ಲೀಲಾವತಿಯನ್ನು ಬರೆದ ನೇಮಿಚಂದ್ರ 12ನೆಯ ಶತಮಾನದ ಜೈನಕವಿ. ಹೊಯ್ಸಳ ವೀರಬಲ್ಲಾಳನ ಮಂತ್ರಿಯ ಆಶ್ರಯವಿದ್ದವನು, ಎಂದರೆ ಹಳೇಬೀಡಿನ ನಂಟಿನಿಂದ ನಮ್ಮವನೇ. ಗೊಮ್ಮಟಸಾರವನ್ನು ಪ್ರಾಕೃತದಲ್ಲಿ ರಚಿಸಿದವರು ಅವನಿಗಿಂತ ಸುಮಾರು ಇನ್ನೂರು ವರ್ಷ ಹಿಂದಿನ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು. ಶ್ರವಣಬೆಳಗೊಳದ ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನಿಗೆ ಗುರುಗಳು. ದ್ರವ್ಯಸಂಗ್ರಹವೂ ಅವರದೇ ಎಂಬುದು ಪರಂಪರೆಯ ನಂಬಿಕೆಯಾದರೂ ಅದನ್ನು ಬರೆದವರು ಬೇರೊಬ್ಬ ನೇಮಿಚಂದ್ರರೆಂದು ವಾದಿಸುವ ವಿದ್ವಾಂಸರಿದ್ದಾರೆ. ಯಾದ್ ವಶೇಮ್ ಮತ್ತು ಪೆರುವಿನ ಪ್ರವಾಸಕಥನವನ್ನು ಬರೆದವರು ನಮ್ಮ ಕಾಲದ ಲೇಖಕಿ, 1959ರಲ್ಲಿ ಹುಟ್ಟಿದವರು, ವೃತ್ತಿಯಿಂದ ಎಂಜಿನಿಯರ್. ಸಾವಿರ ವರ್ಷಗಳಲ್ಲಿ ಹರಡಿಕೊಂಡಿರುವ ನಾಲ್ವರನ್ನು, ಅವರಲ್ಲಿ ಒಬ್ಬರು ಮಹಿಳೆ ಎಂಬುದನ್ನೂ ಲೆಕ್ಕಿಸದೆ, ಒಬ್ಬರನ್ನಾಗಿ ಮಾಡುವ ಶಕ್ತಿ ಒಂದು ಎಂಟರ್ ಕೀಲಿಗೆ ಇದೆ ಎಂಬುದು ನನಗೆ ಗೊತ್ತಿರಲಿಲ್ಲ.

ಕನ್ನಡಕ್ಕೆ ಇದು ಹೊಸ ಸಮಸ್ಯೆಯೇನಲ್ಲ ಎಂಬುದೇ ನನ್ನ ಹೊಟ್ಟೆಯುರಿಗೆ ಕಾರಣ. ಛಂದೋಂಬುಧಿಯ ನಾಗವರ್ಮ ಒಬ್ಬ, ಕಾವ್ಯಾವಲೋಕನದ ನಾಗವರ್ಮ ಇನ್ನೊಬ್ಬ ಎಂಬುದನ್ನು ಮೂವತ್ತು ವರ್ಷ ತರಗತಿಯಲ್ಲಿ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ ಎಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತು, ಹಿಂದಿನ ಬೆಂಚಿನಲ್ಲಿ ಮಲಗಿದ್ದವರನ್ನು ಬಿಟ್ಟು. ಚಾವುಂಡರಾಯರೂ ಇಬ್ಬರು: 978ರಲ್ಲಿ ಚಾವುಂಡರಾಯ ಪುರಾಣ ಬರೆದವನು ಗಂಗರ ಮಂತ್ರಿ, ಸುಮಾರು 1025ರಲ್ಲಿ ಲೋಕೋಪಕಾರ ಬರೆದು ಕೃಷಿ, ಅಡುಗೆ, ಅಂತರ್ಜಲಗಳ ವಿಷಯ ಹೇಳಿದವನು ಚಾಲುಕ್ಯರ ಕಾಲದವನು. ಆರ್. ನರಸಿಂಹಾಚಾರ್ಯರು 1907ರಲ್ಲಿ ಕರ್ಣಾಟಕ ಕವಿಚರಿತೆಯ ಮೊದಲ ಸಂಪುಟವನ್ನು ಹೊರತಂದಾಗ ಓಲೆಗರಿಗಳನ್ನೂ ಶಾಸನಗಳನ್ನೂ ಮುಂದಿಟ್ಟುಕೊಂಡು ಒಬ್ಬೊಬ್ಬ ಕವಿಗೂ ಕಾಲ ಕಟ್ಟಿ, ಹೆಸರು ಒಂದೇ ಆದವರನ್ನು ಬೇರೆ ಬೇರೆಯಾಗಿ ಕೂರಿಸಿದರು. ವಿದ್ಯುತ್ ದೀಪವೂ ಅಪರೂಪವಾಗಿದ್ದ ಕಾಲದಲ್ಲಿ ಅವರು ಬಿಡಿಸಿಟ್ಟ ಗಂಟನ್ನು ನಾವು ಈಗ ಹವಾನಿಯಂತ್ರಿತ ಕೊಠಡಿಯಲ್ಲಿ ಕುಳಿತು ಮತ್ತೆ ಹಾಕುತ್ತಿದ್ದೇವೆ.

ತಂತ್ರಾಂಶದ ತಪ್ಪೆಂದು ಹೇಳೋಣವೆಂದರೆ ಅದೂ ಅಲ್ಲ. ಅಲ್ಲಿ ಬಳಸುತ್ತಿರುವುದು ಕೋಹಾ ಎಂಬ ಗ್ರಂಥಾಲಯ ತಂತ್ರಾಂಶ. ಅದರಲ್ಲಿ ಲೇಖಕರ ಹೆಸರುಗಳಿಗೆಂದೇ ಅಥಾರಿಟಿ ದಾಖಲೆಗಳ ವಿಭಾಗವಿದೆ. ಒಬ್ಬ ಲೇಖಕರಿಗೆ ಒಂದು ದಾಖಲೆ ಮಾಡಿ, ಅವರ ಪುಸ್ತಕಗಳನ್ನೆಲ್ಲ ಅದಕ್ಕೆ ಜೋಡಿಸಿದರೆ ಕೆಲಸ ಮುಗಿಯಿತು. ಪುಸ್ತಕದ ವಿವರಗಳನ್ನು ಕಂಪ್ಯೂಟರಿನಲ್ಲಿ ದಾಖಲಿಸಲು ಅಮೆರಿಕದಲ್ಲಿ ರೂಪುಗೊಂಡ ಮಾರ್ಕ್ ನಮೂನೆಯ 100ನೆಯ ಕ್ಷೇತ್ರದಲ್ಲಿ ಲೇಖಕರ ಹೆಸರು ಬರೆಯುವಾಗ ಹುಟ್ಟಿದ ಮತ್ತು ತೀರಿಕೊಂಡ ವರ್ಷಗಳಿಗೆಂದು ‘ಡಿ’ ಎಂಬ ಉಪಕ್ಷೇತ್ರವೇ ಇದೆ. ನಾನು ನೋಡಿದ ದಾಖಲೆಗಳಲ್ಲಿ ಆ ಜಾಗ ಹದಿನಾಲ್ಕಕ್ಕೆ ಹದಿನಾಲ್ಕೂ ಖಾಲಿ. ಹೆಸರಿನ ಜೊತೆಗೆ ಹುಟ್ಟಿದ ವರ್ಷ ಸೇರಿಸಿ ವ್ಯಕ್ತಿಯನ್ನು ಗುರುತಿಸಬೇಕೆಂಬುದನ್ನು ಅಮೆರಿಕದವರು ಬಂದು ನಮಗೆ ಕಲಿಸಬೇಕಾಗಿಯೂ ಇರಲಿಲ್ಲ. 1934ರಲ್ಲಿ ಗ್ರಂಥಾಲಯಗಳಿಗೆ ಸೂಚೀಕರಣ ಸಂಹಿತೆ ಬರೆದ ನಮ್ಮ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರ ಪದ್ಧತಿಯಲ್ಲೇ ಅದು ಇದೆ. ಓದುಗನ ಸಮಯ ಉಳಿಸು ಎಂಬುದು ಅವರ ಐದು ಗ್ರಂಥಾಲಯ ಸೂತ್ರಗಳಲ್ಲಿ ನಾಲ್ಕನೆಯದು. ನಮ್ಮ ಗ್ರಂಥಾಲಯಗಳಲ್ಲಿ ಅವರ ಭಾವಚಿತ್ರಕ್ಕೆ ಹಾರ ಮಾತ್ರ ತಪ್ಪದೆ ಬೀಳುತ್ತದೆ.

ಇಲ್ಲಿ ಒಬ್ಬ ಗೆಳೆಯರು ಆಕ್ಷೇಪಿಸುವುದು ನನಗೆ ಈಗಲೇ ಕೇಳಿಸುತ್ತಿದೆ. ಪುಸ್ತಕದ ಶೀರ್ಷಿಕೆ ಕೊಟ್ಟು ಹುಡುಕಿದರೆ ಸಿಗುವುದಿಲ್ಲವೇ, ಇಷ್ಟಕ್ಕೆ ಇಷ್ಟೊಂದು ರಂಪವೇಕೆ ಎನ್ನುತ್ತಾರೆ ಅವರು. ಅದನ್ನೂ ಮಾಡಿದೆವು ಸ್ವಾಮಿ. ‘ಲೀಲಾವತಿ’ ಎಂದು ಕೊಟ್ಟರೆ ಮೊದಲು ಎದುರಾದದ್ದು ಭಾಸ್ಕರಾಚಾರ್ಯರ ಗಣಿತ. ಇನ್ನು ಶೀರ್ಷಿಕೆ ಗೊತ್ತಿರುವವರ ಮಾತಾಯಿತು. ಒಬ್ಬ ಲೇಖಕರು ಏನೇನು ಬರೆದಿದ್ದಾರೆಂದು ತಿಳಿಯಲು ಬಂದ ವಿದ್ಯಾರ್ಥಿ ಯಾವ ಶೀರ್ಷಿಕೆ ಕೊಡಬೇಕು? ಸಿಬ್ಬಂದಿ ಕಡಿಮೆ ಎಂಬ ಮಾತನ್ನು ಒಪ್ಪುತ್ತೇನೆ, ಅದು ನಿಜ. ಆದರೆ ಎಲ್ಲ ಪುಸ್ತಕಗಳನ್ನೂ ಒಂದೇ ದಿನ ಸರಿಪಡಿಸಿ ಎಂದು ಯಾರೂ ಕೇಳಿಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿಯೂ ಬೇರ್ಪಡಿಸಲಾಗದ ಒಂದೇ ಹೆಸರಿನವರನ್ನು ಒಟ್ಟಿಗೆ ಇಟ್ಟ ದಾಖಲೆಗಳಿವೆ. ಅವರು ಅದನ್ನು ಬೇರ್ಪಡಿಸಿಲ್ಲವೆಂದು ಅಲ್ಲಿಯೇ ಗುರುತು ಮಾಡಿರುತ್ತಾರೆ. ನಮ್ಮಲ್ಲಿ ಆ ಗುರುತೂ ಇಲ್ಲ.

ಇನ್ನೊಂದು ವಿಚಿತ್ರ ನೋಡಿ. ನಾಲ್ವರನ್ನು ಒಬ್ಬರನ್ನಾಗಿಸುವ ಇದೇ ಯಂತ್ರ ಒಬ್ಬರನ್ನು ನಾಲ್ವರನ್ನಾಗಿಯೂ ಮಾಡುತ್ತದೆ. ‘ಎಚ್.ಎಸ್.’ ಎಂದು ಒಬ್ಬರು ತುಂಬಿದ್ದರೆ ‘ಹೆಚ್.ಎಸ್.’ ಎಂದು ಇನ್ನೊಬ್ಬರು ತುಂಬಿದ್ದಾರೆ. ಗೊರೂರರು ಒಂದೆಡೆ ಗೊರೂರು, ಮತ್ತೊಂದೆಡೆ ರಾಮಸ್ವಾಮಿ, ಮಗದೊಂದೆಡೆ ಅಯ್ಯಂಗಾರ್ ಎಂಬ ಮನೆತನದ ಹೆಸರಿನವರು. ನಮ್ಮ ಹೆಸರುಗಳಲ್ಲಿ ಕೊನೆಯ ಪದ ಮನೆತನದ್ದೇ ಆಗಿರಬೇಕೆಂದಿಲ್ಲ, ಮೊದಲ ಅಕ್ಷರದಲ್ಲಿ ಊರು ಅಡಗಿರುತ್ತದೆ. ಅ.ನ.ಕೃ. ಎಂಬಲ್ಲಿನ ‘ಅ’ ಇಲ್ಲೇ ಇರುವ ಅರಕಲಗೂಡು. ಒಬ್ಬ ಕೃಷ್ಣರಾಯರನ್ನು ಇನ್ನೊಬ್ಬ ಕೃಷ್ಣರಾಯರಿಂದ ಬೇರೆ ಮಾಡುವ ಊರಿನ ಗುರುತನ್ನು ಹೆಸರಿನಲ್ಲಿಯೇ ಇಟ್ಟುಕೊಂಡು ಬಂದ ಜನ ನಾವು. ಡೇಟಾ ಎಂಟ್ರಿಯ ಗುತ್ತಿಗೆ ಪಡೆದವರಿಗೆ ಮಾತ್ರ ಆ ಅಕ್ಷರ ಅನಗತ್ಯವೆನಿಸಿ ಬಿಟ್ಟುಹೋಗುತ್ತದೆ.

ಈಗ ವ್ಯಕ್ತಿಗಳಿಗೆ ಹದಿನಾರು ಅಂಕಿಗಳ ಗುರುತಿನ ಸಂಖ್ಯೆಗಳೂ ಬಂದಿವೆ. ಸಂಶೋಧಕರು ತಾವೇ ಪಡೆದುಕೊಳ್ಳುವ ಆರ್ಕಿಡ್ 2012ರಿಂದ ಇದೆ. ತೀರಿಕೊಂಡವರಿಗೂ ಕೊಡಬಹುದಾದ ಐಎಸ್‌ಎನ್‌ಐ ಕೂಡ ಅದೇ ವರ್ಷ ಅಂತರರಾಷ್ಟ್ರೀಯ ಮಾನಕವಾಯಿತು. ನಾನು ಅಷ್ಟು ದೂರದ್ದನ್ನು ಕೇಳುತ್ತಿಲ್ಲ. ಹೆಸರಿನ ಮುಂದೆ ‘12ನೆಯ ಶತಮಾನ’ ಎಂದು ಬರೆದಿದ್ದರೆ ಸಾಕಿತ್ತು. ಹಳೆಯ ಡ್ರಾಯರಿನ ನಾಗವರ್ಮನ ಕಾರ್ಡಿನಲ್ಲಿ ಯಾರೋ ಪುಣ್ಯಾತ್ಮರು ಪೆನ್ಸಿಲಿನಲ್ಲಿ ‘ಎರಡನೆಯವನು’ ಎಂದು ಬರೆದಿದ್ದುದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕಾರ್ಡನ್ನು ಕಂಪ್ಯೂಟರಿಗೆ ಏರಿಸುವಾಗ ಪೆನ್ಸಿಲ್ ಬರಹವನ್ನು ಯಾರೂ ಏರಿಸಲಿಲ್ಲ.

ಇಷ್ಟೆಲ್ಲ ಬರೆದ ಮೇಲೆ ಒಂದು ವಿಷಯವನ್ನು ಮುಚ್ಚಿಡುವುದು ಸರಿಯಲ್ಲ. ನನ್ನ ಹೆಸರು ನಿಮಗೆ ಗೊತ್ತಿದೆ. ಹಾಸನದ ಬಸ್ ನಿಲ್ದಾಣದಲ್ಲಿ ನಿಂತು ಕೂಗಿದರೆ ಕನಿಷ್ಠ ನಾಲ್ವರು ತಿರುಗಿ ನೋಡುವಂಥ ಹೆಸರು. ಹುಡುಗಿ ಕಪಾಟಿನಲ್ಲಿ ಪುಸ್ತಕ ಹುಡುಕುತ್ತಿದ್ದಾಗ ನಾನು ಮೆಲ್ಲನೆ ಅದನ್ನು ಟೈಪ್ ಮಾಡಿ ನೋಡಿದೆ. ನನ್ನ ಏಕಮಾತ್ರ ಕವನಸಂಕಲನ ಬಂತು, ‘ಲಭ್ಯವಿದೆ’ ಎಂಬ ಸೂಚನೆಯೊಂದಿಗೆ. ಅದರ ಕೆಳಗೆ ನಾನು ಎಂದೂ ಬರೆಯದ, ಕೋಳಿ ಸಾಕಣೆಯ ಬಗೆಗಿನ ಪುಸ್ತಕವೊಂದು. ಮೂರು ಪ್ರತಿಗಳಿವೆ, ಮೂರೂ ಹೊರಗೆ ಹೋಗಿವೆ.

ಬರುವಾಗ ಗ್ರಂಥಪಾಲಕರಿಗೆ ನಾಲ್ವರು ನೇಮಿಚಂದ್ರರ ಕಾಲ, ಕೃತಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಅವರು ವಿಶ್ವಾಸದಿಂದ ತೆಗೆದುಕೊಂಡು, “ಬೇರೆ ಯಾವುದಾದರೂ ತಪ್ಪು ಕಂಡಿತೇ ಸಾರ್?” ಎಂದು ಕೇಳಿದರು. ಸದ್ಯಕ್ಕೆ ಇಷ್ಟೇ ಎಂದು ಹೇಳಿ ಬಂದೆ.