ಉಪ್ಪಿನಕಾಯಿ ಬಾಟಲಿ ಮೇಲೆ ನನ್ನ ಫೋನ್ ನಂಬರ್ ಇದೆ, ಅವರದ್ದೆಲ್ಲಿ?

ಬೆಳಿಗ್ಗೆಯಿಂದ ಒಂದೇ ಸಮ ಮಳೆ, ಕರೆಂಟ್ ನಿನ್ನೆ ರಾತ್ರಿ ಹೋಗಿದ್ದು ಬಂದಿಲ್ಲ, ಫೋನಲ್ಲಿ 34 ಪರ್ಸೆಂಟ್ ಚಾರ್ಜ್ ಇದೆ. ಕಾರಣ ಹೇಳದೆ ನಮ್ಮ ಪೇಜ್ ತೆಗೆದುಹಾಕಿದ ಸೋಶಿಯಲ್ ಮೀಡಿಯಾ ಕಂಪನಿ ಬಗ್ಗೆ ಅಷ್ಟರೊಳಗೆ ಬರೆದು ಮುಗಿಸ್ಬೇಕು. ಉದ್ದ ಆಗತ್ತೆ, ಪುರುಸೊತ್ತಿದ್ದೋರು ಓದಿ.

ನನ್ನ ಪರಿಚಯ ಇಲ್ದೋರಿಗೆ ಹೇಳ್ತೀನಿ, ನಮ್ದು ತೀರ್ಥಹಳ್ಳಿ ಕಡೆ ಹಳ್ಳಿ, ಸ್ವಲ್ಪ ಅಡಿಕೆ ತೋಟ, ಅದರ ಜೊತೆ ನಾನೂ ಅತ್ತೆಯೂ ಸೇರಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರ್ತೀವಿ. ಮೊದಲೆಲ್ಲ ನೆಂಟರಿಷ್ಟರಿಗೆ ಅಷ್ಟೇ ಇತ್ತು, ಆಮೇಲೆ ಮಗಳು ಆನ್‌ಲೈನಲ್ಲಿ ಒಂದು ಪೇಜ್ ಮಾಡಿಕೊಟ್ಟಳು, ಬೆಂಗಳೂರಿಂದ ಆರ್ಡರ್ ಬಂತು, ಪುಣೆಯಿಂದ ಬಂತು, ಒಂದ್ಸಲ ದುಬೈಗೆ ಹೋಗೋ ಯಾರೋ ಹತ್ತು ಬಾಟಲಿ ತಗೊಂಡು ಹೋದ್ರು. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಕಾಮೆಂಟಲ್ಲಿ "ಅಷ್ಟು ಕಷ್ಟ ಆದ್ರೆ ಬಿಟ್ಟುಬಿಡಿ ಮೇಡಂ" ಅನ್ನೋರು ಬಂದೇ ಬರ್ತಾರೆ. ಬಿಡಕ್ಕಾಗಲ್ಲ ಮಾರಾಯ್ರೆ, ನಮ್ಮ ಉಪ್ಪಿನಕಾಯಿ ಮನೆ ಹೊಸಿಲು ದಾಟಿದ್ದೇ ಅದರಿಂದ.

ಕಳೆದ ವರ್ಷ ಏಪ್ರಿಲ್. ರಿಪ್ಪನ್‌ಪೇಟೆಯಿಂದ ಮಿಡಿ ತಂದು, ತೊಟ್ಟು ಮುರಿದು, ಉಪ್ಪಿಗೆ ಹಾಕಿದ ಮಾರನೇ ದಿನ ಪೇಜೇ ಇಲ್ಲ! ನೀವು ನಮ್ಮ ನಿಯಮ ಮೀರಿದ್ದೀರಿ ಅಂತ ಇಂಗ್ಲಿಷಲ್ಲಿ ಒಂದು ಸಾಲು. ಎಂತ ನಿಯಮ, ಯಾವ ಪೋಸ್ಟು, ಯಾವಾಗ, ಏನೂ ಇಲ್ಲ. ಕೊನೇ ಪೋಸ್ಟ್ ಹಾಕಿದ್ದು ಅತ್ತೆ ಭರಣಿ ಬಾಯಿಗೆ ಬಟ್ಟೆ ಕಟ್ಟೋ ಫೋಟೋ, ಅದರಲ್ಲಿ ಯಾರ ಮನಸ್ಸಿಗೆ ನೋವಾಯ್ತೋ ದೇವರಿಗೇ ಗೊತ್ತು. ಮೇಲ್ಮನವಿ ಹಾಕಿದ್ರೆ ಆಧಾರ್ ಫೋಟೋ ಕೊಡಿ, ಮುಖದ ವಿಡಿಯೋ ಮಾಡಿ, ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ. ನಮ್ಮನೇಲಿ ಸಿಗ್ನಲ್ ಸಿಗೋದು ಹಿಂದಿನ ದರೆ ಹತ್ತಿ ನಿಂತ್ರೆ ಎರಡು ಕಡ್ಡಿ. ಅಲ್ಲಿ ನಿಂತು ಫೋನ್ ಎತ್ತಿ ಹಿಡ್ಕೊಂಡು ಕತ್ತು ತಿರುಗಿಸ್ತಾ ಇದ್ರೆ ಪಕ್ಕದ ಮನೆ ದೊಡ್ಡಮ್ಮ ಕೆಳಗಿಂದ "ಎಂತಾ ಆಯ್ತೇ, ಕತ್ತು ಉಳುಕಿತಾ?" ಅಂತ ಕೇಳಿದ್ರು.

41 ದಿನ ಆದ್ಮೇಲೆ ಪೇಜ್ ತಾನಾಗೇ ವಾಪಸ್ ಬಂತು. ಯಾಕೆ ಹೋಗಿತ್ತು ಅಂತಲೂ ಇಲ್ಲ, ಯಾಕೆ ಬಂತು ಅಂತಲೂ ಇಲ್ಲ. ಮುಂಗಡ ಬುಕಿಂಗ್ ಮಾಡೋ ಸಮಯ ಅಷ್ಟೊತ್ತಿಗೆ ಕಳೆದುಹೋಗಿತ್ತು. ಯಾವ ಕಂಪನಿ ಅಂತ ಹೇಳಲ್ಲ, ಹೇಳಿ ಈ ಅಕೌಂಟೂ ಕಳ್ಕೊಳ್ಳೋ ಧೈರ್ಯ ನನಗಿಲ್ಲ, ನೋಡಿ ಇದೂ ಒಂದು ಹೆದರಿಕೆ.

ಈಗ ನನ್ನ ಬಾಟಲಿ ಲೇಬಲ್ ನೋಡಿ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ಪ್ರಾಧಿಕಾರ) ಕೊಟ್ಟ 14 ಅಂಕಿ ನಂಬರ್, ತಯಾರಿಸಿದ ತಿಂಗಳು, ತೂಕ, ಎಂಆರ್‌ಪಿ, ಒಳಗೆ ಏನೇನು ಹಾಕಿದ್ದೀವಿ, ನಮ್ಮ ಪೂರ್ತಿ ವಿಳಾಸ, ದೂರು ಹೇಳೋಕೆ ಫೋನ್ ನಂಬರ್. ಇದು ಕಾನೂನು, ಇಷ್ಟು ಇಲ್ದೆ ಅರ್ಧ ಕೆಜಿ ಬಾಟಲಿನೂ ಅಂಗಡಿಯಲ್ಲಿ ಇಡೋ ಹಾಗಿಲ್ಲ. ಒಬ್ಬರು ರಾತ್ರಿ ಹತ್ತೂವರೆಗೆ ಫೋನ್ ಮಾಡಿ "ಸೊನೆ ವಾಸನೆ ಕಮ್ಮಿ ಇದೆ ಕಣ್ರೀ" ಅಂದಿದ್ರು, ಅದಕ್ಕೂ ಉತ್ತರ ಕೊಟ್ಟಿದ್ದೀನಿ. ಮಂಡಿಯಲ್ಲಿ ಅಡಿಕೆ ತೂಗೋ ತಕ್ಕಡಿಗೂ ಸರ್ಕಾರದ ಮುದ್ರೆ ಬೇಕು. ಕೋಟಿಗಟ್ಟಲೆ ಜನರ ವ್ಯಾಪಾರ, ಫೋಟೋ, ದುಡ್ಡು, ಮಾತುಕತೆ ಎಲ್ಲಾ ಇಟ್ಕೊಂಡಿರೋ ಕಂಪನಿಗೆ ಫೋನ್ ಎತ್ತೋ ಒಬ್ಬ ಮನುಷ್ಯ ಬೇಡ್ವಾ?

ಬಾವ ಹೇಳ್ತಾರೆ, ಪುಕ್ಕಟೆ ಕೊಟ್ಟಿದಾರೆ, ದಾನಕ್ಕೆ ಬಂದ ದನದ ಹಲ್ಲು ಹಿಡಿದು ನೋಡ್ತೀಯಾ ಅಂತ. ಎಲ್ಲಿಯ ಪುಕ್ಕಟೆ ಬಾವ? ಪೋಸ್ಟ್ ಬೂಸ್ಟ್ ಮಾಡಕ್ಕೆ, ಅಂದ್ರೆ ಜಾಸ್ತಿ ಜನಕ್ಕೆ ತೋರಿಸಕ್ಕೆ, ದುಡ್ಡು ಕಟ್ಟಿದ್ದೀನಿ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೇರೆ. ಜಾಹೀರಾತಿನ ದುಡ್ಡು ತಗೊಳ್ಳೋವಾಗ ಒಂದು ನಿಮಿಷ ತಡ ಆಗಲ್ಲ, ಆಗ ಆಧಾರೂ ಬೇಡ ಕತ್ತೂ ತಿರುಗಿಸ್ಬೇಕಾಗಿಲ್ಲ. ಅದಕ್ಕೇ ಅಲ್ವಾ ನಾರಾಯಣ ಮೂರ್ತಿಯವರ ಮುಖ, ದನಿ ನಕಲಿ ಮಾಡಿ ಟ್ರೇಡಿಂಗ್ ಆಪ್ ವಿಡಿಯೋ ಎಲ್ಲಾ ಕಡೆ ಓಡಿದ್ದು, 2023ರ ಡಿಸೆಂಬರಲ್ಲಿ ಅವರೇ ಬಂದು ಅದು ನಾನಲ್ಲ ನಂಬಬೇಡಿ ಅಂತ ಹೇಳಬೇಕಾಯ್ತು. ನಮ್ಮ ಮಾವ ಇನ್ನೇನು ಒತ್ತೋದ್ರಲ್ಲಿದ್ರು, ಪುಣ್ಯಕ್ಕೆ ಒಟಿಪಿ ಬರಲಿಲ್ಲ, ನೆಟ್‌ವರ್ಕ್ ಇಲ್ಲದ್ದೂ ಒಂದೊಂದ್ಸಲ ಒಳ್ಳೇದೇ.

ನಿಯಮ ಇಲ್ಲ ಅಂತಲ್ಲ, ಇದೆ. 2021ರ ಐಟಿ ನಿಯಮದಲ್ಲಿ, ದೊಡ್ಡ ಸೋಶಿಯಲ್ ಮೀಡಿಯಾ ಕಂಪನಿಗಳು ಭಾರತದಲ್ಲೇ ವಾಸ ಇರೋ ಒಬ್ಬ ದೂರು ಅಧಿಕಾರಿಯನ್ನ ಇಟ್ಕೊಳ್ಬೇಕು, ದೂರು ಬಂತು ಅಂತ 24 ಗಂಟೆಯೊಳಗೆ ತಿಳಿಸ್ಬೇಕು, ಆಗಿದ್ದ ನಿಯಮದ ಪ್ರಕಾರ 15 ದಿನದಲ್ಲಿ ಇತ್ಯರ್ಥ ಮಾಡ್ಬೇಕಿತ್ತು (2026ರ ಫೆಬ್ರವರಿಯಿಂದ ಅದು 7 ದಿನ). ಆ ಅಧಿಕಾರಿಯ ಹೆಸರು ವಿಳಾಸ ವೆಬ್‌ಸೈಟಿನ ಯಾವುದೋ ಮೂಲೆಯಲ್ಲಿತ್ತು, ಹುಡುಕಿ ಮೇಲ್ ಹಾಕಿದೆ. 24 ಗಂಟೆ ಎಲ್ಲಿ ಬಂತು, ಒಂದೇ ನಿಮಿಷಕ್ಕೆ ಉತ್ತರ! ಮೆಷಿನ್ ಉತ್ತರ. 15 ದಿನ ಕಾದೆ, ಆಮೇಲೆ ಬಂದಿದ್ದೂ ಅದೇ ಉತ್ತರ. ಅಂದ್ರೆ ಕಾಗದದ ಮೇಲೆ ಎಲ್ಲಾ ಸರಿಯಾಗೇ ಇದೆ. ಅದರ ಮೇಲೆ ಕೇಂದ್ರ ಸರ್ಕಾರದ ಮೇಲ್ಮನವಿ ಸಮಿತಿ ಒಂದಿದೆ, 2023ರಿಂದ, ಆನ್‌ಲೈನಲ್ಲೇ ಹಾಕಬಹುದು. ನನಗೆ ಅದು ಗೊತ್ತಾಗೋ ಅಷ್ಟರಲ್ಲಿ ಪೇಜ್ ಬಂದಾಗಿತ್ತು. ನಿಮಗೆ ಹಿಂಗಾದ್ರೆ ದೂರು ಅಧಿಕಾರಿಯ ಉತ್ತರ ಬಂದ 30 ದಿನದೊಳಗೆ ಹಾಕಿ, ನನ್ನ ಹಾಗೆ ದರೆ ಮೇಲೆ ನಿಂತು ದಿನ ಕಳೀಬೇಡಿ.

ಭಾಷೆದಂತೂ ಹೇಳೋದೇ ಬೇಡ. 2025ರ ಜುಲೈನಲ್ಲಿ ಬಿ. ಸರೋಜಾದೇವಿಯವರು ತೀರ್ಕೊಂಡಾಗ, ಅದೇ ದಿನ ನಮ್ಮ ಸಿಗಂದೂರು ಸೇತುವೆ ಉದ್ಘಾಟನೆ ಆಗಿದ್ದು ಹಾಗಾಗಿ ನೆನಪಿದೆ, ಸಿದ್ದರಾಮಯ್ಯನವರು ಕನ್ನಡದಲ್ಲಿ ಸಂತಾಪ ಹಾಕಿದ್ರೆ ಫೇಸ್‌ಬುಕ್ ನಡೆಸೋ ಮೆಟಾ ಕಂಪನಿಯ ಅನುವಾದ ಸಿದ್ದರಾಮಯ್ಯನವರೇ ಹೋದ್ರು ಅನ್ನೋ ಹಾಗೆ ತೋರಿಸ್ತು. ಮುಖ್ಯಮಂತ್ರಿ ಕಚೇರಿಯಿಂದ ಪತ್ರ ಹೋಯ್ತು, ಮೆಟಾ ಕ್ಷಮೆ ಕೇಳ್ತು, ಸರಿ ಮಾಡ್ತು. 2021ರಲ್ಲಿ ಗೂಗಲ್ ಕನ್ನಡವನ್ನ ಕೆಟ್ಟ ಭಾಷೆ ಅಂತ ಉತ್ತರ ತೋರಿಸಿದಾಗಲೂ ಹಂಗೇ, ಮಂತ್ರಿಗಳು ನೋಟಿಸ್ ಕೊಡ್ತೀವಿ ಅಂದ್ರು, ಇಡೀ ಕರ್ನಾಟಕ ಗಲಾಟೆ ಮಾಡ್ತು, ಕ್ಷಮೆ ಬಂತು. ಒಳ್ಳೇದೇ ಆಯ್ತು. ಆದ್ರೆ ಉಪ್ಪಿನಕಾಯಿ ಮಾರೋಳು ಯಾವ ಮುಖ್ಯಮಂತ್ರಿ ಕೈಲಿ ಪತ್ರ ಬರೆಸ್ಬೇಕು?

ದಂಡ ಹಾಕ್ತಾರಲ್ಲ ಅಂತೀರ. ಹಾಕ್ತಾರೆ. 2022ರ ಅಕ್ಟೋಬರಲ್ಲಿ ಸಿಸಿಐನವರು (ಕಂಪನಿಗಳ ಪೈಪೋಟಿ ನ್ಯಾಯವಾಗಿದೆಯಾ ಅಂತ ನೋಡೋ ಆಯೋಗ) ಗೂಗಲ್‌ಗೆ ಆಂಡ್ರಾಯ್ಡ್ ವಿಷಯಕ್ಕೆ 1,337 ಕೋಟಿ, ಪ್ಲೇ ಸ್ಟೋರ್ ವಿಷಯಕ್ಕೆ 936 ಕೋಟಿ ಹಾಕಿದ್ರು. ಎರಡನೇದು ಮೇಲ್ಮನವಿಯಲ್ಲಿ 216 ಕೋಟಿಗೆ ಇಳೀತು. ನಮ್ಮ ಸೊಸೈಟಿ ಸಾಲಕ್ಕೆ ಇಷ್ಟು ಚೌಕಾಸಿ ಮಾಡಕ್ಕೆ ಬಿಟ್ಟಿದ್ರೆ ಚೆನ್ನಾಗಿತ್ತು. ಹಾಗಂತ ಉಪಯೋಗವೇ ಆಗಿಲ್ಲ ಅಂತ ಹೇಳಲ್ಲ, ಆ ಮೊದಲನೇ ಆದೇಶ ಆದ್ಮೇಲೇ ಆಂಡ್ರಾಯ್ಡ್ ಫೋನಲ್ಲಿ ಯಾವ ಸರ್ಚ್ ಬೇಕು ಅಂತ ಆರಿಸ್ಕೊಳ್ಳೋಕೆ ಬಿಡ್ತೀವಿ ಅಂತ ಗೂಗಲ್ ಒಪ್ಪಿದ್ದು. ಯುರೋಪಿನವರು ಚಾರ್ಜರ್ ಎಲ್ಲಾ ಒಂದೇ ಥರ ಇರಬೇಕು ಅಂತ ಕಾನೂನು ಮಾಡಿದ್ರು, ಆಪಲ್‌ನವರೂ ಪಿನ್ ಬದಲಾಯಿಸಿದ್ರು. ಗಟ್ಟಿಯಾಗಿ ಕೇಳಿದ್ರೆ ಕೊಡ್ತಾರೆ ಅಂತ ಆಯ್ತು. ನನ್ನ ತಕರಾರು ಇರೋದು, ದಂಡದ ದುಡ್ಡು ಹೋಗೋದು ಸರ್ಕಾರದ ಖಜಾನೆಗೆ, ಸೀಸನ್ ಕಳ್ಕೊಂಡೋರಿಗೆ ಅದರಲ್ಲಿ ಒಂದು ರೂಪಾಯಿ ಇಲ್ಲ. 2023ರ ಡೇಟಾ (ನಮ್ಮ ವೈಯಕ್ತಿಕ ಮಾಹಿತಿ) ಕಾನೂನೂ ಅಷ್ಟೇ. ಕಂಪನಿಗೆ 250 ಕೋಟಿವರೆಗೆ ದಂಡ ಅಂತ ಎಲ್ಲಾ ಕಡೆ ಸುದ್ದಿ ಆಯ್ತು, ಅದರಲ್ಲೇ ಸುಳ್ಳು ಅಥವಾ ಕ್ಷುಲ್ಲಕ ದೂರು ಕೊಟ್ರೆ ನಮಗೆ 10,000 ರೂಪಾಯಿವರೆಗೆ ದಂಡ ಅಂತಲೂ ಇದೆ. ಯಾವ್ದು ಕ್ಷುಲ್ಲಕ? 41 ದಿನ ಪೇಜ್ ಇಲ್ಲದ್ದು ಅವರ ಲೆಕ್ಕದಲ್ಲಿ ಕ್ಷುಲ್ಲಕವೇ ಇರಬಹುದು. ಒಂದು ಮಾತು ಮಾತ್ರ ಅದರಲ್ಲಿ ಇಷ್ಟ ಆಯ್ತು, ಡೇಟಾ ತಗೊಳ್ಳೋಕೆ ಮುಂಚೆ ಕೊಡೋ ತಿಳುವಳಿಕೆ ಪತ್ರವನ್ನ ಕನ್ನಡದಲ್ಲೂ ಓದೋಕೆ ಅವಕಾಶ ಕೊಡ್ಬೇಕು ಅಂತ. ಅದೇ ಸಾಲನ್ನ ದೂರಿಗೂ ಸೇರಿಸಿದ್ರೆ ಏನು ಗಂಟು ಹೋಗ್ತಿತ್ತು?

ಸರ್ಕಾರದ ಕೈಗೆ ಪೂರ್ತಿ ಲಗಾಮು ಕೊಡಿ ಅಂತಲೂ ನಾನು ಹೇಳ್ತಿಲ್ಲ. ಪೋಸ್ಟ್ ತೆಗೀರಿ ಅಂತ ಸರ್ಕಾರದವರು ಕಂಪನಿಗಳಿಗೆ ನೋಟಿಸ್ ಕಳಿಸೋ ಸಹಯೋಗ್ ಪೋರ್ಟಲ್ ವಿಷಯಕ್ಕೆ ಎಕ್ಸ್ (ಹಳೇ ಟ್ವಿಟರ್) ಕಂಪನಿ ನಮ್ಮ ಹೈಕೋರ್ಟಿಗೆ ಹೋಗಿ 2025ರ ಸೆಪ್ಟೆಂಬರಲ್ಲಿ ಅರ್ಜಿ ವಜಾ ಆಯ್ತಲ್ಲ, ಅದರ ಸರಿ ತಪ್ಪು ವಕೀಲರಿಗೆ ಬಿಟ್ಟಿದ್ದು. ನನಗೆ ಕಂಡಿದ್ದು ಇಷ್ಟೇ, ಅಲ್ಲಿ ಜಗಳ ಪೋಸ್ಟ್ ತೆಗೆಸೋ ಅಧಿಕಾರದ್ದು. ತೆಗೆಸೋಕೆ ಪೋರ್ಟಲ್ ಬಂತು, ತಪ್ಪಾಗಿ ತೆಗೆದಿದ್ದನ್ನ ಬೇಗ ವಾಪಸ್ ಹಾಕಿಸೋಕೆ ಅಷ್ಟು ಅವಸರ ಯಾರಿಗೂ ಇದ್ದ ಹಾಗೆ ಕಾಣಲ್ಲ.

ಸ್ವಂತ ದುಡಿಮೆಗೆ ಅಂತ ದುಡ್ಡು ಕೊಟ್ಟು ಸೇವೆ ತಗೊಂಡಿದ್ರೆ ನಾವೂ ಗ್ರಾಹಕರೇ ಅಂತ 2019ರ ಗ್ರಾಹಕ ಕಾಯ್ದೆಯಲ್ಲಿದೆ, ನಾವಿರೋ ಜಿಲ್ಲೆಯಲ್ಲೇ ಕೇಸ್ ಹಾಕಬಹುದು, ಸಣ್ಣ ಮೊತ್ತಕ್ಕೆ ಶುಲ್ಕನೂ ಇಲ್ಲ. ಬೂಸ್ಟಿನ ರಸೀದಿಗಳನ್ನೆಲ್ಲ ಮಗಳು ಪ್ರಿಂಟ್ ಹಾಕಿಸಿ ತಂದಿದ್ದಾಳೆ. ಅಡಿಕೆಗೆ ಔಷಧಿ ಹೊಡೆದು ಮುಗೀಲಿ, ಒಂದು ದಿನ ಶಿವಮೊಗ್ಗಕ್ಕೆ ಹೋಗಿ ಗ್ರಾಹಕರ ಆಯೋಗದಲ್ಲಿ ವಿಚಾರಿಸಿ ಬರ್ತೀನಿ. ಇಂಥ ಕೇಸ್ ಹಾಕಿ ಅನುಭವ ಇದ್ದೋರು ದಯವಿಟ್ಟು ಮೆಸೇಜ್ ಮಾಡಿ.

ಅಲ್ಲಿವರೆಗೆ ಗಿರಾಕಿಗಳ ಹೆಸರು, ಊರು, ನಂಬರ್ ಎಲ್ಲಾ ಮಾವನ ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೀತಿದ್ದೀನಿ. 9 ಪರ್ಸೆಂಟ್ ಉಳಿದಿದೆ. ಜೀರಿಗೆ ಮಿಡಿ 30 ಬಾಟಲಿ ಇದೆ, ಬೇಕಾದೋರು ಇನ್‌ಬಾಕ್ಸ್ ಬೇಡ, ಬಾಟಲಿ ಮೇಲಿನ ನಂಬರಿಗೇ ಫೋನ್ ಮಾಡಿ. ಎತ್ತದಿದ್ರೆ ಸಿಗ್ನಲ್ ಇಲ್ಲ ಅಂತ ಅರ್ಥ, ಸಂಜೆ ದರೆ ಹತ್ತಿದಾಗ ನಾನೇ ಮಾಡ್ತೀನಿ.