ವಿಶ್ವಾಸವಿದ್ದರೆ ಗುಳಿಗೆ ಏಕೆ ಎನ್ನುವವರಿಗೆ

ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಾಗ ಮನೆಮಂದಿಯೆಲ್ಲ ಮೊಣಕಾಲೂರಿ ದೇವರನ್ನು ಬೇಡುವುದು ಬಳ್ಳಾರಿಯ ನಮ್ಮಂಥ ಕ್ರೈಸ್ತ ಕುಟುಂಬಗಳಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಯೇಸುವಿನ ಹೆಸರಿನಲ್ಲಿ ಸ್ವಸ್ಥತೆ ದೊರೆಯುತ್ತದೆ ಎಂದು ನಂಬಿಯೇ ಇದನ್ನು ಬರೆಯುತ್ತಿದ್ದೇನೆ. ಆದರೆ ಕೆಲವು ಸ್ವಸ್ಥತಾ ಕೂಟಗಳಲ್ಲಿ ‘ವಿಶ್ವಾಸವಿದ್ದರೆ ಗುಳಿಗೆ ಏಕೆ’ ಎಂಬ ಮಾತು ಕೇಳಿಬರುವುದನ್ನೂ ಅದಕ್ಕೆ ನಾವು ‘ಆಮೆನ್’ ಎನ್ನುವುದನ್ನೂ ನಾನು ಒಪ್ಪಲಾರೆ.

ನಮ್ಮ ಚಿಕ್ಕಪ್ಪನವರಿಗೆ ಕ್ಷಯರೋಗ ತಗುಲಿತ್ತು. ಸರ್ಕಾರದ ಕಡೆಯಿಂದ ಔಷಧ ಉಚಿತವಾಗಿಯೇ ಸಿಗುತ್ತಿತ್ತು. ಎರಡನೆಯ ತಿಂಗಳ ಹೊತ್ತಿಗೆ ಕೆಮ್ಮು ತಗ್ಗಿ, ಜ್ವರ ಬಿಟ್ಟು, ಊಟ ಸೇರತೊಡಗಿದಾಗ, ಹೊರಊರಿನಿಂದ ಬಂದಿದ್ದ ಬೋಧಕರೊಬ್ಬರು ಅವರನ್ನು ವೇದಿಕೆಗೆ ಕರೆದು, ದೇವರು ತನ್ನನ್ನು ಗುಣಪಡಿಸಿದನೆಂದು ಎಲ್ಲರ ಮುಂದೆ ಸಾಕ್ಷಿ ಹೇಳಿಸಿದರು. ಇನ್ನು ಗುಳಿಗೆ ನುಂಗುವುದೆಂದರೆ ದೇವರನ್ನೇ ಸಂಶಯಿಸಿದಂತೆ ಎಂದೂ ಸೇರಿಸಿದರು. ಸಾಮಾನ್ಯ ಕ್ಷಯಕ್ಕೂ 6 ತಿಂಗಳು ಚಿಕಿತ್ಸೆ ಬೇಕು, ಏಕೆಂದರೆ ರೋಗಿಗೆ ಹಗುರವೆನಿಸಿದ ಮೇಲೂ ರೋಗಾಣುಗಳು ಒಳಗೆ ಉಳಿದಿರುತ್ತವೆ, ಮತ್ತು ನಡುವೆ ಔಷಧ ಬಿಟ್ಟರೆ ಅವು ಅದೇ ಔಷಧಕ್ಕೆ ಜಗ್ಗದಷ್ಟು ಗಟ್ಟಿಯಾಗುವ ಅಪಾಯವಿದೆ. ಗುಳಿಗೆ ಬಿಟ್ಟ ಚಿಕ್ಕಪ್ಪನವರಿಗೆ ರೋಗ ಮರುಕಳಿಸಿತು. ಕೆಮ್ಮಿದಾಗ ರಕ್ತ ಬೀಳುತ್ತಿದ್ದುದನ್ನು ಅವರು ಚಿಕ್ಕಮ್ಮನಿಗೂ ತಿಳಿಸಲಿಲ್ಲ. ಹೇಳಿದರೆ ತಾವು ಕೊಟ್ಟ ಸಾಕ್ಷಿಯೇ ಸುಳ್ಳಾಗುತ್ತದೆ ಎಂದು ನಾಚಿದ್ದರು. ರೋಗಿಯು ತನ್ನ ರೋಗವನ್ನು ಮನೆಯವರಿಂದಲೇ ಬಚ್ಚಿಡುವಂತೆ ಮಾಡಿದ ಆ ಬೋಧನೆ ಯಾವ ಸುವಾರ್ತೆ?

1810ರಲ್ಲಿ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಇಡೀ ಬೈಬಲನ್ನು ಕನ್ನಡಕ್ಕೆ ತರಲು ವರ್ಷಗಟ್ಟಲೆ ದುಡಿದದ್ದು ಇದೇ ಊರಿನಲ್ಲಿ. ಅಂಥ ಊರಿನವರಾದ ನಾವು ಬಿಡಿ ವಾಕ್ಯಗಳನ್ನು ಮಾತ್ರ ಹೆಕ್ಕಿಕೊಂಡು ಅಧ್ಯಾಯವನ್ನು ಬಿಟ್ಟುಬಿಡುವುದು ವಿಚಿತ್ರವಾಗಿದೆ. ಅರಸನಾದ ಹಿಜ್ಕೀಯನು ರೋಗದಿಂದ ಸಾಯುವಂತಿದ್ದಾಗ ಅತ್ತು ಪ್ರಾರ್ಥಿಸಿದ್ದಕ್ಕೆ ದೇವರು ಅವನ ಆಯುಷ್ಯಕ್ಕೆ 15 ವರ್ಷ ಕೂಡಿಸಿದನೆಂದು ಎಲ್ಲರೂ ಹೇಳುತ್ತಾರೆ. ಪ್ರವಾದಿಯಾದ ಯೆಶಾಯನು ಅಂಜೂರದ ಉಂಡೆ ತರಿಸಿ ಹುಣ್ಣಿಗೆ ಕಟ್ಟಿಸಿದ ಸಂಗತಿ ಅದೇ ಅಧ್ಯಾಯದಲ್ಲಿದ್ದರೂ ಅದನ್ನು ಯಾವ ಕೂಟದಲ್ಲಿಯೂ ನಾನು ಕೇಳಿಲ್ಲ. ಅಪೊಸ್ತಲನಾದ ಪೌಲನು ತನ್ನ ಶಿಷ್ಯ ತಿಮೊಥೆಯನ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೊಳ್ಳುವಂತೆ ಬರೆದನು. ಜೊತೆಗಾರನಾದ ತ್ರೊಫಿಮನನ್ನು ಮಿಲೇತದಲ್ಲಿ ಅಸ್ವಸ್ಥನಾಗಿಯೇ ಬಿಟ್ಟುಬಂದನು. ತನ್ನದೇ ಶರೀರದಲ್ಲಿ ನಾಟಿದ ಶೂಲದಂಥ ಬಾಧೆ ನೀಗಲೆಂದು ಅವನು ಮೂರು ಸಾರಿ ಬೇಡಿಕೊಂಡಾಗ ದೊರೆತದ್ದು ಕೃಪೆಯೇ ಹೊರತು ಗುಣವಲ್ಲ. ಪೌಲನಿಗೆ ವಿಶ್ವಾಸ ಕಡಿಮೆಯಿತ್ತು ಎನ್ನುವ ಧೈರ್ಯ ಯಾರಿಗಿದೆ?

ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ರೋಗಿಯು ಸಭೆಯ ಹಿರಿಯರನ್ನು ಕರೆಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಎಂದಿದೆ. ಹಿರಿಯರು ರೋಗಿಯ ಮನೆಗೆ ಹೋಗಬೇಕೆಂದಿದೆಯೇ ಹೊರತು ರೋಗಿಯನ್ನು ವೇದಿಕೆಗೆ ಹತ್ತಿಸಬೇಕೆಂದಲ್ಲ. ಅದರ ಬೆನ್ನಲ್ಲೇ, ಒಬ್ಬರಿಗೊಬ್ಬರು ಪಾಪಗಳನ್ನು ಅರಿಕೆಮಾಡಿ ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಿರಿ ಎಂಬ ಮಾತೂ ಬರುತ್ತದೆ. ಈ ಎರಡನೆಯ ಮಾತಿನ ಅರ್ಥ ನಮ್ಮ ಮನೆಯಲ್ಲಿ ತೆರೆದುಕೊಂಡದ್ದು ಚಿಕ್ಕಪ್ಪನವರ ಕಾಯಿಲೆ ಬಯಲಾದ ಮೇಲೆ. ಮನೆಯ ಪಾಲಿನ ವಿಷಯದಲ್ಲಿ ಅಪ್ಪನೂ ಅವರೂ ಬಹುಕಾಲ ಮಾತು ಬಿಟ್ಟಿದ್ದರು. ರಾತ್ರಿಯ ಕುಟುಂಬ ಪ್ರಾರ್ಥನೆಗೆ ಅಪ್ಪ ಅವರ ಮನೆಗೇ ಹೋಗತೊಡಗಿದ ಮೇಲೆ, ಒಂದು ದಿನ ಕೀರ್ತನೆ ಮುಗಿದಾಗ, ‘ತಮ್ಮಾ, ನನ್ನದೂ ತಪ್ಪದ’ ಎಂದರು. ಆಗಲೂ ಕಫದ ಪರೀಕ್ಷೆಯಲ್ಲಿ ರೋಗ ಕಾಣುತ್ತಲೇ ಇತ್ತು. ಆದರೂ ಚಿಕ್ಕಪ್ಪನವರು ಮತ್ತೆ ಔಷಧ ಆರಂಭಿಸಲು ಒಪ್ಪಿದ್ದು ಅಪ್ಪನ ಮಾತಿಗೆ, ಯಾವ ಬೋಧಕರ ಮಾತಿಗೂ ಅಲ್ಲ. ಪ್ರಾರ್ಥನೆಗೆ ಉತ್ತರ ಬಂತೇ ಎಂದು ಯಾರಾದರೂ ಕೇಳಿದರೆ, ಬಂತು ಎಂದೇ ಹೇಳುತ್ತೇನೆ.

ನಮ್ಮ ಸಭಾಪಾಲಕರಲ್ಲಿ ನನ್ನ ವಿನಂತಿ ಇಷ್ಟೇ: ಸಾಕ್ಷಿ ಹೇಳಲು ಯಾರನ್ನಾದರೂ ಎಬ್ಬಿಸಿ ನಿಲ್ಲಿಸುವ ಮೊದಲು ಅವರ ಚಿಕಿತ್ಸೆ ಮುಗಿದಿದೆಯೇ ಎಂದು ವಿಚಾರಿಸಿರಿ. ಮುಗಿದಿಲ್ಲವಾದರೆ ಅವರಿಗಾಗಿ ಪ್ರಾರ್ಥಿಸೋಣ, ತಪ್ಪದೆ ಗುಳಿಗೆ ನುಂಗುವಂತೆ ನೆನಪಿಸೋಣ. ಸಾಕ್ಷಿಯನ್ನು ವೈದ್ಯರು ಸಾಕೆಂದ ಮೇಲೆ ಕೇಳಬಹುದು.